ಅಥೆನ್ಸ್‌ನಿಂದ ಒಂದು ದಿನದ ದ್ವೀಪಯಾನ: ಎಜಿನಾಕ್ಕೆ ಹಡಗಿನಲ್ಲಿ ಹೋಗಿಬರುವ ಬಗೆ

ಗ್ರೀಸ್‌ಗೆ ಹೊರಡುವ ನಮ್ಮವರ ಪ್ರವಾಸಪಟ್ಟಿಯಲ್ಲಿ ಅಕ್ರೊಪೊಲಿಸ್ ಆದ ಮೇಲೆ ‘ಒಂದು ದಿನ ದ್ವೀಪ’ ಎಂಬ ಸಾಲೊಂದು ಇದ್ದೇ ಇರುತ್ತದೆ. ಯಾವ ದ್ವೀಪ ಎಂದು ಕೇಳಿದರೆ ಹೆಚ್ಚಿನವರು ಸ್ಯಾಂಟೊರಿನಿ ಎನ್ನುತ್ತಾರೆ. ಅಥೆನ್ಸ್‌ನ ಬಂದರಾದ ಪಿರೇಯಸ್‌ನಿಂದ ಅಲ್ಲಿಗೆ ವೇಗದ ಹಡಗಿನಲ್ಲಿ ಸುಮಾರು ಐದು ಗಂಟೆ, ಸಾಮಾನ್ಯ ಹಡಗಿನಲ್ಲಿ ಎಂಟು ಗಂಟೆ ಬೇಕು. ಹೋಗಿಬರುವುದರಲ್ಲೇ ದಿನ ಕರಗಿಹೋಗುತ್ತದೆ. ಒಂದೇ ದಿನ ಕೈಯಲ್ಲಿದ್ದರೆ ಅಥೆನ್ಸ್‌ನ ಮಗ್ಗುಲಲ್ಲೇ ಇರುವ ಸರೋನಿಕ್ ಕೊಲ್ಲಿಯ ದ್ವೀಪಗಳನ್ನು ನೋಡಬೇಕು. ಸಲಾಮಿಸ್, ಎಜಿನಾ, ಅಗಿಸ್ತ್ರಿ, ಪೊರೊಸ್, ಹೈಡ್ರಾ, ಸ್ಪೆಟ್ಸೆಸ್ ಈ ಗುಂಪಿಗೆ ಸೇರಿದವು. ಇವುಗಳಲ್ಲಿ ಎಜಿನಾವನ್ನು ಆರಿಸಿಕೊಂಡು, ಯಾವ ಪ್ರವಾಸ ಸಂಸ್ಥೆಯ ನೆರವೂ ಇಲ್ಲದೆ, ಊರಿನ ಜನ ಓಡಾಡುವ ಹಡಗಿನಲ್ಲೇ ಬೆಳಿಗ್ಗೆ ಹೋಗಿ ರಾತ್ರಿ ಮರಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೂರು ದ್ವೀಪಗಳ ಪ್ಯಾಕೇಜ್ ಬೇಕೇ?

ಅಥೆನ್ಸ್‌ನ ಹೋಟೆಲುಗಳಲ್ಲೆಲ್ಲ ಒಂದು ಕರಪತ್ರ ಸಿಗುತ್ತದೆ: ಒಂದೇ ದಿನದಲ್ಲಿ ಹೈಡ್ರಾ, ಪೊರೊಸ್, ಎಜಿನಾ, ಹಡಗಿನಲ್ಲೇ ಊಟ, ಸಂಗೀತ, ನೃತ್ಯ, ಹೋಟೆಲಿನಿಂದ ಕರೆದೊಯ್ದು ಮತ್ತೆ ತಂದುಬಿಡುವ ಏರ್ಪಾಡು. ತಲೆಗೆ ನೂರು ಯೂರೋ ಆಸುಪಾಸು. ಸುಮಾರು ಹನ್ನೆರಡು ಗಂಟೆಯ ಈ ಯಾತ್ರೆಯಲ್ಲಿ ನೆಲದ ಮೇಲೆ ಕಾಲಿಡುವ ಹೊತ್ತನ್ನು ಕೂಡಿದರೆ ನಾಲ್ಕು ಗಂಟೆ ದಾಟುವುದು ಕಷ್ಟ. ಪೊರೊಸ್‌ನಲ್ಲಿ ಇಳಿದು, ಗಡಿಯಾರ ಗೋಪುರದತ್ತ ಹೆಜ್ಜೆ ಹಾಕಿ, ಒಂದು ಫೋಟೊ ತೆಗೆಯುವಷ್ಟರಲ್ಲಿ ಹಡಗಿನ ಕೂಗು ಕೇಳಿಸುತ್ತದೆ. ಎಜಿನಾದ ದೇವಾಲಯಕ್ಕೆ ಹೋಗುವ ಬಸ್ಸಿಗೆ ಸಾಮಾನ್ಯವಾಗಿ ಬೇರೆ ಹಣ ಕೊಡಬೇಕು.

ಹಾಗೆಂದು ಪ್ಯಾಕೇಜನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮಂಡಿನೋವಿನ ಹಿರಿಯರು ಜೊತೆಯಲ್ಲಿದ್ದರೆ, ಬಸ್ಸು ಹುಡುಕುವ ತಾಪತ್ರಯ ಬೇಡವೆಂದಾದರೆ, ಕಡಲ ಮೇಲೆ ಕುಳಿತಿರುವುದೇ ಸುಖ ಎನ್ನುವವರಾದರೆ ಅದು ಒಳ್ಳೆಯ ಏರ್ಪಾಡೇ. ಆದರೆ ದ್ವೀಪವೊಂದನ್ನು ನೋಡಿದೆ ಎನ್ನಿಸಬೇಕಾದರೆ ಒಂದೇ ದ್ವೀಪಕ್ಕೆ ಇಡೀ ದಿನ ಕೊಡಬೇಕು.

ಹೈಡ್ರಾ ಏಕೆ ಬೇಡ? ಬೇಡವೆಂದಲ್ಲ. ಕಸ ಸಾಗಿಸುವಂಥ ಸೇವೆಯ ವಾಹನಗಳನ್ನು ಬಿಟ್ಟರೆ ಮೋಟಾರು ಗಾಡಿಯೇ ಇಲ್ಲದ, ಕತ್ತೆ ಹೇಸರಗತ್ತೆಗಳೇ ಸಾಮಾನು ಹೊರುವ ಊರು ಅದು. ಬಂದರನ್ನು ಸುತ್ತುವರಿದ ಕಲ್ಲಿನ ಮನೆಗಳ ಚೆಲುವು ಎಜಿನಾಕ್ಕಿಲ್ಲ. ಆದರೆ ಪಿರೇಯಸ್‌ನಿಂದ ಅಲ್ಲಿಗೆ ಒಂದೂವರೆಯಿಂದ ಎರಡು ಗಂಟೆಯ ದಾರಿ. ಓಡುವುದು ವೇಗದ ಹಡಗುಗಳು ಮಾತ್ರ. ಗಾಳಿ ಹೆಚ್ಚಾದರೆ ಮೊದಲು ನಿಲ್ಲುವುದೂ ಅವೇ. ಎಜಿನಾಕ್ಕೆ ಕಾರು, ಲಾರಿ ಹೊರುವ ದೊಡ್ಡ ಹಡಗುಗಳು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಲೇ ಇರುತ್ತವೆ. ಒಂದು ತಪ್ಪಿದರೆ ಇನ್ನೊಂದಿದೆ. ಮೊದಲ ಬಾರಿ ಹೋಗುವವರಿಗೆ ಈ ನಿಶ್ಚಿಂತೆ ದೊಡ್ಡದು.

ತಿಂಗಳು, ವಾರ, ಗಾಳಿ

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಮತ್ತು ಸೆಪ್ಟೆಂಬರ್ ಇಡೀ ತಿಂಗಳು ಉತ್ತಮ. ಈಜುವ ಆಸೆಯಿದ್ದರೆ ಸೆಪ್ಟೆಂಬರನ್ನೇ ಆರಿಸಿ. ಬೇಸಿಗೆಯಿಡೀ ಕಾದ ನೀರು ಆಗ ಇನ್ನೂ ಬೆಚ್ಚಗಿರುತ್ತದೆ. ಮೇ ತಿಂಗಳ ನೀರು ನಮ್ಮ ಮೈಗೆ ತಣ್ಣಗೇ ಅನ್ನಿಸುತ್ತದೆ. ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ. ಆಗಸ್ಟ್ 15 ಕನ್ಯೆ ಮೇರಿಯ ಹಬ್ಬ. ಅದರ ಹಿಂದುಮುಂದಿನ ದಿನಗಳಲ್ಲಿ ಅಥೆನ್ಸ್‌ನ ಅರ್ಧ ಊರೇ ದ್ವೀಪಗಳಿಗೆ ಹೊರಟಿರುತ್ತದೆ. ವಾರದಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಹೋಗುವುದು ಲೇಸು. ಶುಕ್ರವಾರ ಸಂಜೆ ಹೋಗುವ ಹಡಗು, ಭಾನುವಾರ ಸಂಜೆ ಬರುವ ಹಡಗು ತುಂಬಿ ತುಳುಕುತ್ತವೆ, ಏಕೆಂದರೆ ಎಜಿನಾದಲ್ಲಿ ವಾರಾಂತ್ಯದ ಮನೆ ಇಟ್ಟುಕೊಂಡ ಅಥೆನ್ಸಿಗರು ಬಹಳ.

ಇನ್ನು ಗಾಳಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿದವರಿಗೆ ಕಡಲು ಕೆಡುವುದೆಂದರೆ ಮಳೆಗಾಲ, ಕಪ್ಪು ಮೋಡ, ಕೆಂಪು ಬಾವುಟ. ಏಜಿಯನ್ ಸಮುದ್ರದ ರೀತಿ ಬೇರೆ. ಅಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಒಣಗಾಳಿ ಒಂದು ಚೂರೂ ಮೋಡವಿಲ್ಲದ ನೀಲಿ ಆಕಾಶದ ಕೆಳಗೇ ಕಡಲನ್ನು ಕಡೆದುಹಾಕುತ್ತದೆ. ಹೋಟೆಲಿನ ಕಿಟಕಿಯಿಂದ ಬಿಸಿಲು ನೋಡಿ ‘ಕಡಲು ಶಾಂತವಾಗಿದೆ’ ಎಂದುಕೊಳ್ಳುವಂತಿಲ್ಲ. ಅಥೆನ್ಸ್ ಇರುವ ಅಟಿಕಾ ಪ್ರಾಂತ್ಯದ ನೆಲ ಅಡ್ಡವಿರುವುದರಿಂದ ಸರೋನಿಕ್ ಕೊಲ್ಲಿಗೆ ಈ ಗಾಳಿಯ ಪೂರ್ತಿ ಪೆಟ್ಟು ತಗಲುವುದಿಲ್ಲ. ಒಂದು ದಿನದ ಯಾನಕ್ಕೆ ಈ ಕೊಲ್ಲಿಯೇ ಸರಿ ಎನ್ನಲು ಇದೂ ಒಂದು ಕಾರಣ.

ಹಿಂದಿನ ರಾತ್ರಿ ಹವಾಮಾನದ ಆ್ಯಪ್‌ನಲ್ಲಿ ಬಿಸಿಲನ್ನು ನೋಡುವ ಬದಲು ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರವರೆಗೆ ಎಣಿಸುವ ಬ್ಯೂಫೋರ್ಟ್ ಅಳತೆಯನ್ನು ನೋಡಿ. ನಾಲ್ಕರವರೆಗೆ ಯೋಚನೆಯೇ ಬೇಡ. ಐದಿದ್ದರೆ ದೊಡ್ಡ ಹಡಗು ಹಿಡಿಯಿರಿ. ಆರರ ಮೇಲೆ ವೇಗದ ಸಣ್ಣ ಹಡಗುಗಳು ರದ್ದಾಗತೊಡಗುತ್ತವೆ. ಎಂಟಕ್ಕೆ ಬಂದರೆ ಬಂದರಿನ ಅಧಿಕಾರಿಗಳು ದೊಡ್ಡ ಹಡಗುಗಳನ್ನೂ ತಡೆಯುತ್ತಾರೆ. ಗಾಳಿಯಷ್ಟೇ ಮುಖ್ಯವಾದುದು ಮುಷ್ಕರ. ಗ್ರೀಸ್‌ನ ನಾವಿಕರ ಸಂಘಟನೆ ಆಗಾಗ 24 ಗಂಟೆಯ ಮುಷ್ಕರಕ್ಕೆ ಕರೆ ಕೊಡುತ್ತದೆ, ಅಂದು ಒಂದೂ ಹಡಗು ಕದಲುವುದಿಲ್ಲ. ಸುದ್ದಿ ಕೆಲವು ದಿನ ಮೊದಲೇ ಪತ್ರಿಕೆಗಳಲ್ಲಿ ಬಂದಿರುತ್ತದೆ. ಮೇ 1ರಂದು ಮಾತ್ರ ದ್ವೀಪದ ಯೋಜನೆ ಹಾಕಲೇಬೇಡಿ.

ಮರಳುವ ಹಡಗಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಹೆಚ್ಚಿನವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ದ್ವೀಪದ ದಿನ ನಿಂತಿರುವುದು ಸಂಜೆಯ ಹಡಗಿನ ಮೇಲೆ. ಆ ದಿನದ ವೇಳಾಪಟ್ಟಿ ತೆಗೆದು ಎಜಿನಾದಿಂದ ಪಿರೇಯಸ್‌ಗೆ ಹೊರಡುವ ಕಡೆಯ ದೊಡ್ಡ ಹಡಗಿನ ಹೊತ್ತನ್ನು ಬರೆದುಕೊಳ್ಳಿ. ಅದರ ಹಿಂದಿನ ಹಡಗನ್ನು ‘ನಮ್ಮ ಹಡಗು’ ಎಂದು ಗೊತ್ತುಮಾಡಿ. ಕಡೆಯದು ಇರುವುದು, ನಮ್ಮದು ಕೈತಪ್ಪಿದರೆ ಹಿಡಿಯುವುದಕ್ಕೆ ಮಾತ್ರ. ಅಲ್ಲಿಂದ ಹಿಂದಕ್ಕೆ ಬನ್ನಿ: ಹಡಗಿಗೆ ಅರ್ಧ ಗಂಟೆ ಮೊದಲು ಬಂದರು, ಅದಕ್ಕೂ ಮುಂಚೆ ಪಿಸ್ತಾ ಖರೀದಿ, ಅದಕ್ಕೂ ಮುಂಚೆ ಬಸ್ಸು, ಅದಕ್ಕೂ ಮುಂಚೆ ಈಜು. ಹೀಗೆ ಲೆಕ್ಕ ಹಾಕಿದಾಗ ಎರಡು ಜಾಗಕ್ಕಿಂತ ಹೆಚ್ಚು ಹಿಡಿಸುವುದಿಲ್ಲವೆಂದು ತಾನೇ ತಿಳಿಯುತ್ತದೆ.

ಬೇಸಿಗೆಯ ಒಂದು ದಿನ ಹೆಚ್ಚುಕಡಿಮೆ ಹೀಗೆ ಕೂರುತ್ತದೆ. ಏಳೂವರೆಗೆ ಪಿರೇಯಸ್, ಎಂಟರ ಆಸುಪಾಸಿನ ಹಡಗು, ಒಂಬತ್ತೂಕಾಲಕ್ಕೆ ಎಜಿನಾ, ಹತ್ತರ ಒಳಗಿನ ಬಸ್ಸಿನಲ್ಲಿ ಅಫಾಯಾ ಎಂಬ ದೇವತೆಯ ಹಳೆಯ ದೇವಾಲಯ, ಮಧ್ಯಾಹ್ನ ಒಂದರ ಹೊತ್ತಿಗೆ ಊರಿಗೆ ವಾಪಸ್, ಪೆರ್ದಿಕಾ ಎಂಬ ಮೀನುಗಾರರ ಹಳ್ಳಿಯಲ್ಲಿ ಊಟ, ಮೂರರಿಂದ ಐದೂವರೆಯವರೆಗೆ ಎದುರಿನ ಮೋನಿ ನಡುಗಡ್ಡೆಯಲ್ಲಿ ಈಜು, ಏಳಕ್ಕೆ ಬಂದರು, ಒಂಬತ್ತರ ಹೊತ್ತಿಗೆ ಮತ್ತೆ ಪಿರೇಯಸ್. ಹಡಗು, ಬಸ್ಸುಗಳ ಹೊತ್ತು ಋತುವಿನಿಂದ ಋತುವಿಗೆ ಬದಲಾಗುತ್ತದೆ. ಇದು ಚೌಕಟ್ಟು ಮಾತ್ರ. ಮಕ್ಕಳಿದ್ದರೆ ಪೆರ್ದಿಕಾ, ಮೋನಿ ಎರಡನ್ನೂ ಬಿಡಿ. ದೇವಾಲಯದಿಂದ ಅದೇ ಬಸ್ಸಿನಲ್ಲಿ ಮುಂದೆ ಇಳಿದರೆ ಅಗಿಯಾ ಮರೀನಾ ಸಿಗುತ್ತದೆ. ಮರಳಿನ ದಂಡೆ, ದೂರದವರೆಗೂ ಆಳವಿಲ್ಲದ ನೀರು, ಸಾಲು ಸಾಲು ಊಟದ ಮನೆಗಳು. ನೋಟಕ್ಕೆ ಅಷ್ಟೇನೂ ವಿಶೇಷವಲ್ಲ, ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಬೇರೆಯಿಲ್ಲ.

ಟಿಕೆಟ್

ದಾರಿ ಎರಡು. ದೊಡ್ಡ ಹಡಗಿನಲ್ಲಿ ಒಂದೂಕಾಲು ಗಂಟೆ. ಫ್ಲೈಯಿಂಗ್ ಡಾಲ್ಫಿನ್ ಎಂದು ಕರೆಯುವ ಹೈಡ್ರೋಫಾಯಿಲ್‌ನಲ್ಲಿ 40 ನಿಮಿಷ. ಎರಡನೆಯದು ಸೋವಿಯತ್ ಕಾಲದ ವಿನ್ಯಾಸ. ನೀರಿನೊಳಗಿನ ರೆಕ್ಕೆಗಳ ಮೇಲೆ ಒಡಲನ್ನೆತ್ತಿಕೊಂಡು ಓಡುತ್ತದೆ. ನೋಡಲು ಸೊಗಸು, ಒಳಗೆ ಕೂತರೆ ಉಪ್ಪು ಹಿಡಿದ ಕಿಟಕಿ, ಮುಚ್ಚಿದ ಗಾಳಿ. ದರವೂ ಹೆಚ್ಚು. ಕಡಲ ಯಾನವೇ ಉದ್ದೇಶವಾದಾಗ ಅರ್ಧ ಗಂಟೆ ಉಳಿಸಲು ಡೆಕ್ಕನ್ನು ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. ಹೋಗುವಾಗಲಂತೂ ದೊಡ್ಡ ಹಡಗೇ ಇರಲಿ.

ದೊಡ್ಡ ಹಡಗಿಗೆ ವಾರದ ದಿನಗಳಲ್ಲಿ ಮುಂಗಡ ಬೇಕಿಲ್ಲ, ಬಂದರಿನ ಗೂಡಂಗಡಿಗಳಲ್ಲೇ ಸಿಗುತ್ತದೆ. ಹೈಡ್ರೋಫಾಯಿಲ್‌ಗೆ ಮಾತ್ರ ಮುಂಚೆಯೇ ಕಾದಿರಿಸಿ. ಒಂದು ಎಚ್ಚರಿಕೆ: ಈ ಮಾರ್ಗದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳ ಹಡಗುಗಳು ಓಡುತ್ತವೆ, ಒಬ್ಬರ ಟಿಕೆಟ್ ಇನ್ನೊಬ್ಬರಲ್ಲಿ ನಡೆಯುವುದಿಲ್ಲ. ಹೋಗಿಬರುವ ಟಿಕೆಟನ್ನು ಒಟ್ಟಿಗೇ ಕೊಂಡರೆ ಸಂಜೆ ಎದುರಿಗೆ ನಿಂತ ಹಡಗು ಬಿಟ್ಟು ಮುಂದಿನದಕ್ಕೆ ಕಾಯಬೇಕಾಗಬಹುದು. ವಾರದ ದಿನವಾದರೆ ಹೋಗುವುದನ್ನಷ್ಟೇ ಕೊಳ್ಳಿ. ಭಾನುವಾರವಾದರೆ ಎಜಿನಾದಲ್ಲಿ ಇಳಿದ ಕೂಡಲೇ ಮರಳುವುದನ್ನು ಕೊಂಡುಬಿಡಿ. ಟಿಕೆಟಿನಲ್ಲಿ ಪ್ರತಿಯೊಬ್ಬರ ಹೆಸರಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಕೊಡಿ. ಇದು ದೇಶದೊಳಗಿನ ಪ್ರಯಾಣವಾದ್ದರಿಂದ ವಲಸೆ ತಪಾಸಣೆ ಇಲ್ಲ. ಗ್ರೀಸ್‌ಗೆ ಬರಲು ಪಡೆದ ಷೆಂಗೆನ್ ವೀಸಾ ಸಾಕು. ಪಾಸ್‌ಪೋರ್ಟ್ ಜೊತೆಯಲ್ಲಿರಲಿ, ನೀರು ಸೋಕದ ಚೀಲದಲ್ಲಿ.

ಚೀಲದಲ್ಲಿ ಏನೇನು

ಟೋಪಿ, ತಂಪು ಕನ್ನಡಕ, ಸನ್‌ಸ್ಕ್ರೀನ್. ‘ನಮ್ಮ ಚರ್ಮಕ್ಕೆ ಬಿಸಿಲು ಹೊಸದಲ್ಲ’ ಎನ್ನುವವರು ಡೆಕ್ಕಿನ ಮೇಲೆ ತಂಗಾಳಿಯಲ್ಲಿ ಕುಳಿತು, ಸಂಜೆ ಮೂಗಿನ ಸಿಪ್ಪೆ ಏಳುವುದನ್ನು ನೋಡುತ್ತಾರೆ. ತೆಳ್ಳನೆಯ ಪಂಚೆ ಅಥವಾ ಟವೆಲ್, ಈಜುಡುಗೆ, ಒಂದು ಜೊತೆ ಒಣ ಬಟ್ಟೆ. ಸಂಜೆಯ ಡೆಕ್ಕಿಗೆ ತೆಳು ಮೇಲಂಗಿ, ಮೇ ಮತ್ತು ಅಕ್ಟೋಬರ್‌ಗಳಲ್ಲಿ ಅದು ಕಡ್ಡಾಯ. ನೀರಿಗಿಳಿಯಲು ರಬ್ಬರ್ ಷೂ. ಬಂಡೆಗಳ ಮೇಲೆ ಕಡಲ ಮುಳ್ಳುಗೋಳಗಳು ಇರುತ್ತವೆ, ತುಳಿದರೆ ಮುಳ್ಳು ಅಂಗಾಲಿನಲ್ಲೇ ಮುರಿಯುತ್ತದೆ. ಚಿಲ್ಲರೆ ಯೂರೋ ಇರಲಿ. ಕಾರ್ಡು ಎಲ್ಲೆಡೆ ನಡೆದರೂ ಸಣ್ಣ ದೋಣಿಯವರಿಗೆ ನಗದು ಬೇಕು.

ಕಡಲ ವಾಂತಿಯ ಭಯವಿದ್ದವರು ಮಾತ್ರೆಯನ್ನು ಹಡಗು ಹೊರಡುವ ಅರ್ಧ ಗಂಟೆಗಾದರೂ ಮೊದಲು ನುಂಗಬೇಕು. ತಲೆ ಸುತ್ತಲು ಶುರುವಾದ ಮೇಲೆ ಅದು ನಾಟುವುದಿಲ್ಲ. ಯಾವ ಮಾತ್ರೆ ಎಂಬುದನ್ನು ಊರಿನಲ್ಲೇ ವೈದ್ಯರ ಬಳಿ ಕೇಳಿಕೊಂಡು ಬನ್ನಿ, ಕೆಲವು ವಿಪರೀತ ನಿದ್ದೆ ತರುತ್ತವೆ. ಹಡಗಿನಲ್ಲಿ ನಡುಭಾಗದಲ್ಲಿ ಕುಳಿತು ದಿಗಂತ ನೋಡಿ. ಮೊಬೈಲ್ ನೋಡಬೇಡಿ.

ಪಿರೇಯಸ್‌ನ ಎಂಟನೆಯ ಬಾಗಿಲು

ಅಥೆನ್ಸ್‌ನ ಮೊನಾಸ್ತಿರಾಕಿ ನಿಲ್ದಾಣದಿಂದ ಹಸಿರು ಬಣ್ಣದ ಒಂದನೆಯ ಮಾರ್ಗ, ಸಿಂಟಾಗ್ಮಾದಿಂದ ನೀಲಿ ಬಣ್ಣದ ಮೂರನೆಯ ಮಾರ್ಗ ಎರಡೂ ಪಿರೇಯಸ್‌ಗೆ ಹೋಗುತ್ತವೆ. ನೀಲಿ ಮಾರ್ಗ ಬಂದರಿನವರೆಗೆ ಬಂದದ್ದು 2022ರಲ್ಲಿ. ಹಳೆಯ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ. ಎರಡರಲ್ಲೂ ಪ್ರಯಾಣ ಅರ್ಧ ಗಂಟೆಯೊಳಗೆ. ಹಸಿರು ರೈಲಿನಲ್ಲಿ ಜೇಬುಗಳ್ಳರ ಕಾಟವಿದೆ. ಬೆನ್ನಿನ ಚೀಲವನ್ನು ಎದೆಗೆ ತಂದುಕೊಳ್ಳಿ.

ಪಿರೇಯಸ್ ದೊಡ್ಡ ಬಂದರು. ಪ್ರಯಾಣಿಕರ ಬಾಗಿಲುಗಳಿಗೆ ಇ1, ಇ2 ಎಂದು ಸಂಖ್ಯೆ ಕೊಟ್ಟಿದ್ದಾರೆ. ಮೊದಲ ಕೆಲವು ಬಾಗಿಲುಗಳಿಗೆ ನಡೆದೇ ಹೋಗುವುದೆಂದರೆ ಸಾಕುಬೇಕಾಗುತ್ತದೆ. ಅದೃಷ್ಟಕ್ಕೆ ನಮಗೆ ಬೇಕಾದ ಇ8 ಹತ್ತಿರವೇ ಇದೆ. ಮೆಟ್ರೋದಿಂದ ಹೊರಬಂದು, ರಸ್ತೆ ದಾಟಿ, ನೀರನ್ನು ಬಲಕ್ಕಿಟ್ಟುಕೊಂಡು ಹತ್ತು ನಿಮಿಷ ನಡೆದರೆ ಸಾಕು. ಹಡಗಿನ ಹಿಂಬದಿಯ ದೊಡ್ಡ ಬಾಗಿಲು ಸೇತುವೆಯಂತೆ ದಕ್ಕೆಗೆ ಚಾಚಿರುತ್ತದೆ, ಅದರ ಮೇಲೆ ಲಾರಿ, ಕಾರು, ಬೈಕು, ಜನ ಎಲ್ಲ ಒಟ್ಟಿಗೆ. ಕಾರುಗಳು ಹಿಮ್ಮುಖವಾಗಿಯೂ ಒಳಬರುತ್ತವೆ. ಮಕ್ಕಳ ಕೈ ಬಿಡಬೇಡಿ; ಒಳಗೆ ಕಾಲಿಟ್ಟ ಕೂಡಲೇ ಪಕ್ಕದ ಮೆಟ್ಟಿಲು ಹಿಡಿದು ಮೇಲೆ ಹೋಗಿ.

ಹತ್ತುವ ಮುನ್ನ ಸಿಬ್ಬಂದಿಯನ್ನು ಒಮ್ಮೆ ಕೇಳಿ. ಗ್ರೀಕರ ಬಾಯಲ್ಲಿ ಎಜಿನಾ ‘ಏಯಿನಾ’ ಆಗುತ್ತದೆ, ಧ್ವನಿವರ್ಧಕದಲ್ಲಿ ಕೂಗುವುದೂ ಹಾಗೆಯೇ. ಕೆಲವು ಹಡಗುಗಳು ಎಜಿನಾದಲ್ಲಿ ನಿಂತು ಮುಂದೆ ಮೆಥಾನಾ, ಪೊರೊಸ್‌ಗೆ ಸಾಗುತ್ತವೆ. ಮಾತ್ರೆ ನುಂಗಿ ನಿದ್ದೆ ಹೋದವರು ಪೊರೊಸ್‌ನಲ್ಲಿ ಕಣ್ಣು ಬಿಡಬೇಕಾದೀತು.

ಡೆಕ್ಕಿನ ಮೇಲೆ ಯಾವ ಬದಿ

ಹಡಗು ಸಾಗುವುದು ನೈಋತ್ಯದ ಕಡೆಗೆ, ಹಾಗಾಗಿ ಬೆಳಗಿನ ಬಿಸಿಲು ಎಡಬದಿಗೆ ಬೀಳುತ್ತದೆ. ಬಲಬದಿಯಲ್ಲಿ ಕುಳಿತರೆ ನೆರಳೂ ಉಂಟು, ನೋಟವೂ ಉಂಟು. ಬಂದರು ದಾಟುತ್ತಿದ್ದಂತೆ ಬಲಕ್ಕೆ ಪ್ಸಿಟಾಲಿಯಾ ಎಂಬ ಸಣ್ಣ ಗಡ್ಡೆ, ಅದರ ಹಿಂದೆ ಸಲಾಮಿಸ್ ದ್ವೀಪ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್‌ನ ನೌಕಾಪಡೆಯನ್ನು ಗ್ರೀಕರು ಸೋಲಿಸಿದ್ದು ಅಲ್ಲಿನ ಇಕ್ಕಟ್ಟಾದ ಜಲಸಂಧಿಯಲ್ಲಿ. ಸಂಖ್ಯೆಯಲ್ಲಿ ಹೆಚ್ಚಿದ್ದ ಪರ್ಷಿಯನ್ ಹಡಗುಗಳು ಇಕ್ಕಟ್ಟಿನಲ್ಲಿ ಒಂದಕ್ಕೊಂದು ತಗುಲಿ ತಿರುಗಲಾಗದೆ ಹೋದವು. ಆ ಕದನದಲ್ಲಿ ಅತಿ ಹೆಚ್ಚು ಕೀರ್ತಿ ಪಡೆದವರು ಅಥೆನ್ಸಿಗರಲ್ಲ, ಎಜಿನಾದವರು ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಇಂದು ಅದೇ ನೀರಿನಲ್ಲಿ ಲಂಗರು ಹಾಕಿ ಕಾಯುತ್ತಿರುವ ತೈಲದ ಹಡಗುಗಳ ಸಾಲು ಕಾಣಿಸುತ್ತದೆ. ಯುದ್ಧಭೂಮಿಯ ಗಾಂಭೀರ್ಯ ಹುಡುಕುವವರಿಗೆ ಸ್ವಲ್ಪ ನಿರಾಸೆಯಾದೀತು. ನನಗೆ ಮಾತ್ರ ಆ ತುಕ್ಕು ಹಿಡಿದ ಹಡಗುಗಳೂ ಇಷ್ಟವೇ.

ಹಡಗಿನಲ್ಲಿ ಕಾಫಿ, ಪಾಲಕ್ ತುಂಬಿದ ಸ್ಪನಾಕೊಪಿಟಾ, ಚೀಸ್ ತುಂಬಿದ ತಿರೊಪಿಟಾ ಸಿಗುತ್ತವೆ. ಬೆಳಗಿನ ತಿಂಡಿ ಅಲ್ಲೇ ಮುಗಿಸಬಹುದು. ಗ್ರೀಸ್‌ನಲ್ಲಿ ಗೂಡಂಗಡಿ, ಬಂದರು, ಹಡಗುಗಳಲ್ಲಿ ಅರ್ಧ ಲೀಟರ್ ನೀರಿನ ಬಾಟಲಿಯ ಬೆಲೆಗೆ ಸರ್ಕಾರವೇ 50 ಸೆಂಟ್ ಮಿತಿ ಹಾಕಿದೆ. ಇಳಿಯುವ ಮುಂಚೆ ಎರಡು ಕೊಂಡುಕೊಳ್ಳಿ.

ಬೆಟ್ಟದ ಮೇಲಿನ ಅಫಾಯಾ

ಎಜಿನಾ ಬಂದರಿನಲ್ಲಿ ಇಳಿದಾಗ ದಕ್ಕೆಯ ತುದಿಯಲ್ಲಿ ಸಂತ ನಿಕೊಲಾಸ್‌ನ ಪುಟ್ಟ ಬಿಳಿ ಗುಡಿ, ಎದುರಿಗೆ ಪಿಸ್ತಾ ಮಾರುವ ಅಂಗಡಿಗಳು. ಈಗ ಏನೂ ಕೊಳ್ಳಬೇಡಿ, ದಿನವಿಡೀ ಹೊರಬೇಕಾಗುತ್ತದೆ. ಎಡಕ್ಕೆ ನಡೆದರೆ ಬಸ್ಸುಗಳು ನಿಲ್ಲುವ ಚೌಕ. ಅಗಿಯಾ ಮರೀನಾಕ್ಕೆ ಹೋಗುವ ಬಸ್ಸು ಅಫಾಯಾ ದೇವಾಲಯದ ಬಾಗಿಲಲ್ಲೇ ನಿಲ್ಲುತ್ತದೆ. ಅಲ್ಲಿ ಇಳಿದ ಕೂಡಲೇ ಮರಳುವ ಬಸ್ಸುಗಳ ಹೊತ್ತಿನ ಫಲಕದ ಫೋಟೊ ತೆಗೆದುಕೊಳ್ಳಿ. ಬಸ್ಸುಗಳ ನಡುವಿನ ಅಂತರ ದೊಡ್ಡದು.

ದಾರಿಯಲ್ಲಿ ಸಂತ ನೆಕ್ಟಾರಿಯೊಸ್‌ನ ದೊಡ್ಡ ಮಠ ಬರುತ್ತದೆ. 1920ರಲ್ಲಿ ತೀರಿಕೊಂಡು, 1961ರಲ್ಲಿ ಸಂತನೆಂದು ಘೋಷಿತನಾದ ಈತನ ದರ್ಶನಕ್ಕೆ ಗ್ರೀಸ್‌ನ ಮೂಲೆ ಮೂಲೆಗಳಿಂದ ಭಕ್ತರು ಬರುತ್ತಾರೆ. ಬಸ್ಸಿನಲ್ಲಿ ಕಪ್ಪುಡುಗೆಯ ಅಜ್ಜಿಯರು ಶಿಲುಬೆಯ ಗುರುತು ಮಾಡಿಕೊಳ್ಳುವುದನ್ನು ನೋಡಬಹುದು. ಇಳಿಯುವುದಾದರೆ ಭುಜ, ಮಂಡಿ ಮುಚ್ಚುವ ಉಡುಪು ಬೇಕು. ಮಠದ ಹಿಂದಿನ ಗುಡ್ಡದ ಮೇಲೆ ಚದುರಿದ ಸಣ್ಣ ಸಣ್ಣ ಗುಡಿಗಳು ಪಾಲಿಯೊಖೊರಾದವು: ಕಡಲ್ಗಳ್ಳರ ಭಯಕ್ಕೆ ಜನ ದಡ ಬಿಟ್ಟು ಒಳನಾಡಿನಲ್ಲಿ ಶತಮಾನಗಳ ಕಾಲ ಬದುಕಿದ ಊರು. ಮನೆಗಳು ಹೋದವು, ಗುಡಿಗಳು ಉಳಿದವು.

ಪೈನ್ ಮರಗಳ ನಡುವೆ, ಬೆಟ್ಟದ ನೆತ್ತಿಯಲ್ಲಿ ನಿಂತ ಅಫಾಯಾ ದೇವಾಲಯ ಕ್ರಿ.ಪೂ. 500ರ ಆಸುಪಾಸಿನದು, ಎಂದರೆ ಅಥೆನ್ಸ್‌ನ ಪಾರ್ಥೆನಾನ್‌ಗಿಂತ ಅರ್ಧ ಶತಮಾನ ಹಿರಿಯದು. ಮುಂದೆ ಆರು, ಉದ್ದಕ್ಕೆ ಹನ್ನೆರಡು ಕಂಬಗಳ ಡೋರಿಕ್ ಶೈಲಿ. ಕಟ್ಟಿರುವುದು ಅಮೃತಶಿಲೆಯಲ್ಲಿ ಅಲ್ಲ, ಅಲ್ಲಿನದೇ ಸುಣ್ಣಕಲ್ಲಿನಲ್ಲಿ. ಮೇಲೆ ಗಾರೆ ಬಳಿದು ಬಣ್ಣ ಹಚ್ಚಿದ್ದರು. ಕಂಬಗಳನ್ನು ಒಂದೊಂದಾಗಿ ನೋಡುತ್ತ ಸುತ್ತಿ ಬನ್ನಿ. ಹೆಚ್ಚಿನವು ಒಂದೇ ಕಲ್ಲಿನಲ್ಲಿ ಕಡೆದವು, ಉತ್ತರದ ಸಾಲಿನ ಮೂರು ಮಾತ್ರ ತುಂಡುಗಳನ್ನು ಪೇರಿಸಿ ನಿಲ್ಲಿಸಿದವು. ಒಳಗಿನ ಗರ್ಭಗುಡಿಯ ಕೆಲಸಕ್ಕೆ ಕಲ್ಲು ಸಾಗಿಸಲು ಅಲ್ಲಿ ದಾರಿ ಬಿಟ್ಟುಕೊಂಡು, ಕೆಲಸ ಮುಗಿದ ಮೇಲೆ ತುಂಡುಗಳಿಂದ ಕಂಬ ಕಟ್ಟಿ ಮುಚ್ಚಿದರು ಎನ್ನುತ್ತಾರೆ ತಿಳಿದವರು. ಎರಡೂವರೆ ಸಾವಿರ ವರ್ಷ ಹಿಂದಿನ ಮೇಸ್ತ್ರಿಗಳ ಹೊಂಚು ಕಣ್ಣೆದುರಿಗೇ ನಿಂತಿರುವುದು ಇಲ್ಲಿನ ಸೊಗಸು. ಒಳಗೆ ಒಂದರ ಮೇಲೊಂದು ನಿಲ್ಲಿಸಿದ ಎರಡು ಅಂತಸ್ತಿನ ಸಣ್ಣ ಕಂಬಗಳನ್ನೂ ಗಮನಿಸಿ.

ದೇವಾಲಯದ ತ್ರಿಕೋನಾಕಾರದ ಮುಡಿಯ ಮೇಲಿನ ಶಿಲ್ಪಗಳನ್ನು ಹುಡುಕಬೇಡಿ, ಅವು ಇಲ್ಲಿಲ್ಲ. ಟ್ರಾಯ್ ಯುದ್ಧದ ವೀರರ ನಡುವೆ ಅಥೀನಾ ದೇವಿ ನಿಂತ ಆ ಶಿಲ್ಪಗಳು 1811ರಲ್ಲಿ ಬ್ರಿಟಿಷ್ ಮತ್ತು ಜರ್ಮನ್ ವಾಸ್ತುಶಿಲ್ಪಿಗಳ ತಂಡದ ಕೈಗೆ ಸಿಕ್ಕವು. ಮರುವರ್ಷದ ಹರಾಜಿನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್‌ನ ಪಾಲಾದವು. ಈಗಲೂ ಮ್ಯೂನಿಕ್‌ನ ಗ್ಲಿಪ್ಟೊಥೆಕ್ ಸಂಗ್ರಹಾಲಯದಲ್ಲಿವೆ. ಜರ್ಮನಿಯಲ್ಲಿರುವ ಕನ್ನಡಿಗರು ಅಲ್ಲಿ ನೋಡಿ ಇಲ್ಲಿಗೆ ಬಂದರೆ ದೇವಾಲಯ ಪೂರ್ತಿಯಾಗುತ್ತದೆ. ಹೊರಡುವ ಮುಂಚೆ ಉತ್ತರದ ಕಡೆ ನಿಂತು ಕಡಲಿನತ್ತ ನೋಡಿ. ಮಬ್ಬಿಲ್ಲದ ದಿನ ಅಥೆನ್ಸ್ ಕಡೆಯ ದಂಡೆ ಕಾಣುತ್ತದೆ.

ಸಸ್ಯಾಹಾರಿಗಳ ಊಟ

ಪೆರ್ದಿಕಾ ಇರುವುದು ಎಜಿನಾ ಊರಿನಿಂದ ದಕ್ಷಿಣಕ್ಕೆ ಒಂಬತ್ತು ಕಿಲೋಮೀಟರ್ ದೂರದಲ್ಲಿ. ಬಸ್ಸಿದೆ. ಮೂರು ನಾಲ್ಕು ಮಂದಿ ಇದ್ದರೆ ಟ್ಯಾಕ್ಸಿಯೂ ದುಬಾರಿಯಲ್ಲ. ನೀರಿನ ಅಂಚಿಗೆ ಸಾಲಾಗಿ ಊಟದ ಮನೆಗಳು, ಹಗ್ಗದ ಮೇಲೆ ಒಣಗಲು ತೂಗುಬಿಟ್ಟ ಆಕ್ಟೋಪಸ್‌ಗಳು. ಮೀನು ತಿನ್ನುವವರಿಗೆ ಸ್ವರ್ಗ. ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಬರೆದಿರುತ್ತಾರೆ, ಒಪ್ಪುವ ಮುಂಚೆ ತೂಕ ಮಾಡಿಸಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಹಳದಿ ಬೇಳೆಯನ್ನು ಬೇಯಿಸಿ ಅರೆದು ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿದ ಫಾವಾ. ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಅವರೆಯ ಗಿಗಾಂಡೆಸ್. ಬದನೆ, ಆಲೂಗಡ್ಡೆ, ಕುಂಬಳದ ಜಾತಿಯ ಕಾಯಿಗಳನ್ನು ಒಲೆಯಲ್ಲಿ ಬೇಯಿಸಿದ ಬ್ರಿಯಾಮ್. ಬೇಯಿಸಿದ ಕಾಡುಸೊಪ್ಪಿಗೆ ನಿಂಬೆ ಹಿಂಡಿದ ಹೋರ್ತಾ. ಸೌತೆಕಾಯಿ, ಟೊಮೆಟೊ ಮೇಲೆ ಇಡೀ ಫೆಟಾ ಚೀಸ್ ಹಲಗೆ ಇಟ್ಟ ಗ್ರೀಕ್ ಸಲಾಡ್ ಒಂದು ತಟ್ಟೆ ಇಬ್ಬರಿಗೆ ಸಾಕು. ದ್ರಾಕ್ಷಿ ಎಲೆಯ ದೊಲ್ಮಾದೆಸ್, ಅಕ್ಕಿ ತುಂಬಿದ ಟೊಮೆಟೊದ ಗೆಮಿಸ್ತಾ ಎರಡನ್ನೂ ಕೇಳಿಯೇ ತಿನ್ನಬೇಕು, ಒಳಗೆ ಕೈಮಾ ಇರಬಹುದು. ‘ದೆನ್ ತ್ರೋಒ ಕ್ರೇಆಸ್, ಊತೆ ಪ್ಸಾರಿ’ ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದು ಅವರಿಗೆ ತಿಳಿಯುತ್ತದೆ.

ಒಂದು ಕಡೆ ಎಡವುವ ಅಪಾಯವಿದೆ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆಗೆ ನಿಸ್ತೀಸಿಮೊ ಎನ್ನುತ್ತಾರೆ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ, ಆಗಸ್ಟ್ ಮೊದಲ ಹದಿನೈದು ದಿನಗಳಲ್ಲಿ ಅದು ಎಲ್ಲೆಡೆ ಸಿಗುತ್ತದೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲವೆಂದು ನಮ್ಮವರು ಕಣ್ಣು ಮುಚ್ಚಿ ತರಿಸಿಕೊಳ್ಳುತ್ತಾರೆ. ಆದರೆ ಸಿಗಡಿ, ಕಪ್ಪೆಬೊಂಡಾಸ್, ಆಕ್ಟೋಪಸ್ ಅವರ ಉಪವಾಸಕ್ಕೆ ಸಲ್ಲುತ್ತವೆ.

ಮೋನಿಗೆ ದೋಣಿ, ನೀರಿಗೆ ಇಳಿಯುವುದು

ಪೆರ್ದಿಕಾದ ದಕ್ಕೆಯಿಂದ ಬೇಸಿಗೆಯಲ್ಲಿ ಸಣ್ಣ ದೋಣಿಗಳು ಮೋನಿಗೆ ಓಡಾಡುತ್ತವೆ, ಹತ್ತು ನಿಮಿಷದ ದಾರಿ. ಅಲ್ಲಿ ಮನೆಗಳಿಲ್ಲ. ನವಿಲುಗಳು, ಜಿಂಕೆಗಳು ನಿಮ್ಮ ಬುತ್ತಿಗೆ ಮೂತಿ ಹಾಕಲು ಬರುತ್ತವೆ. ನವಿಲು ನೋಡಲು ಮೆಡಿಟರೇನಿಯನ್‌ವರೆಗೆ ಬರಬೇಕಿತ್ತೇ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ದೋಣಿಯಿಂದ ಇಳಿಯುವಾಗಲೇ ಕಡೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಅದನ್ನು ಬೆರಳಿನಲ್ಲಿ ತೋರಿಸಿ ಖಚಿತಪಡಿಸಿಕೊಳ್ಳಿ.

ಇಲ್ಲಿನ ನೀರು ಎಷ್ಟು ತಿಳಿಯೆಂದರೆ ಆಳದ ಅಂದಾಜು ಸಿಗುವುದಿಲ್ಲ. ಸೊಂಟದುದ್ದ ಎಂದು ಕಂಡದ್ದು ಆಳುದ್ದ ಇರುತ್ತದೆ. ಈಜು ಬಾರದವರು ದಂಡೆಯ ಹತ್ತಿರವೇ ಇರಬೇಕು, ಕಾವಲುಗಾರರು ಇದ್ದಾರೆಂದು ನಂಬಬೇಡಿ. ಉಪ್ಪು ನಮ್ಮ ಅರಬ್ಬಿ ಸಮುದ್ರಕ್ಕಿಂತ ತುಸು ಹೆಚ್ಚು. ಕಣ್ಣು ಉರಿಯುತ್ತದೆ, ಈಜು ಕನ್ನಡಕವಿದ್ದರೆ ಮೇಲು. ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಂಡೆಯ ಮೇಲಿಟ್ಟ ಚೀಲವನ್ನು ನೀರು ಬಂದು ಒಯ್ಯುವ ಭಯವಿಲ್ಲ. ದೊಡ್ಡ ಹಡಗು ದೂರದಲ್ಲಿ ಹಾದುಹೋದ ಐದು ನಿಮಿಷದ ಮೇಲೆ ಏಳುವ ಅಲೆ ಮಾತ್ರ ಬಂಡೆಯನ್ನು ತೊಳೆದು ಹೋಗುತ್ತದೆ. ನೀರಿಗಿಳಿಯುವ ಮುಂಚೆ ಒಮ್ಮೆ ಸುತ್ತ ನೋಡಿ. ಜೆಲ್ಲಿ ಮೀನುಗಳು ಕೆಲವು ವಾರ ಗುಂಪಾಗಿ ಬರುತ್ತವೆ, ಊರಿನವರು ಯಾರೂ ನೀರಿನಲ್ಲಿ ಇಲ್ಲವೆಂದರೆ ಅದಕ್ಕೆ ಕಾರಣವಿರುತ್ತದೆ.

ದೋಣಿ ಸಿಗದಿದ್ದರೆ ಪೆರ್ದಿಕಾಕ್ಕೆ ಬರುವ ದಾರಿಯಲ್ಲಿನ ಮರಥೋನಾಸ್ ದಂಡೆಯಲ್ಲಿ ಇಳಿದು ಈಜಿ.

ಸಂಜೆ, ಪಿಸ್ತಾ, ಮರಳುವುದು

ಊರಿಗೆ ಮರಳಿದ ಮೇಲೆ ಒಂದು ಗಂಟೆ ಉಳಿದಿದ್ದರೆ ಬಂದರಿನ ಉತ್ತರಕ್ಕೆ ಕೊಲೊನಾದವರೆಗೆ ನಡೆಯಿರಿ. ಅಪೊಲೊ ದೇವಾಲಯದ್ದೆಂದು ಉಳಿದಿರುವುದು ಒಂದೇ ಕಂಬ. ಯೂರೋಪಿನ ಮೊದಲ ನಾಣ್ಯಗಳಲ್ಲಿ ಸೇರುವ ಆಮೆಯ ಚಿತ್ರದ ಬೆಳ್ಳಿ ನಾಣ್ಯಗಳು ಕ್ರಿ.ಪೂ. ಆರನೆಯ ಶತಮಾನದಲ್ಲಿ ಅಚ್ಚಾದದ್ದು ಈ ದ್ವೀಪದಲ್ಲೇ. 1828ರಲ್ಲಿ ಕಪೋಡಿಸ್ಟ್ರಿಯಾಸ್ ಹೊಸ ಗ್ರೀಸ್‌ನ ಆಡಳಿತ ನಡೆಸಲು ಬಂದಿಳಿದದ್ದೂ ಇಲ್ಲಿಗೇ. ಸ್ವಲ್ಪ ಕಾಲ ದೇಶದ ರಾಜಧಾನಿ ಇದಾಗಿತ್ತು.

ಪಿಸ್ತಾ ಈಗ ಕೊಳ್ಳಿ. ಎಜಿನಾದ ಪಿಸ್ತಾಕ್ಕೆ ಐರೋಪ್ಯ ಒಕ್ಕೂಟದ ಮೂಲಸ್ಥಾನದ ರಕ್ಷಣೆ 1996ರಿಂದ ಇದೆ, ನಮ್ಮಲ್ಲಿ ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತು ಇರುವಂತೆ. ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಆಗ ಹೋದರೆ ಒಣಗಿಸದ, ಗುಲಾಬಿ ಸಿಪ್ಪೆಯ ಹಸಿ ಪಿಸ್ತಾ ಸಿಗುತ್ತದೆ. ಅದು ಎರಡು ದಿನಕ್ಕೆ ಕೆಡುತ್ತದೆ, ಹಡಗಿನಲ್ಲೇ ತಿಂದು ಮುಗಿಸಿ. ಊರಿಗೆ ಒಯ್ಯಲು ಚಿಪ್ಪಿನ ಸಮೇತ ಹುರಿದ, ಮುಚ್ಚಿದ ಪೊಟ್ಟಣವೇ ಸರಿ. ಚೀಲದ ಮೇಲೆ ‘ಎಜಿನಾ’ ಎಂದು ಬರೆದಿದ್ದರೆ ಸಾಲದು, ಐರೋಪ್ಯ ಒಕ್ಕೂಟದ ಕೆಂಪು ಹಳದಿ ಮುದ್ರೆ ನೋಡಿ. ಸಹಕಾರ ಸಂಘದ ಅಂಗಡಿಯಲ್ಲಿ ಕೊಂಡರೆ ಈ ಅನುಮಾನ ಬೇಡ.

ಮರಳುವಾಗ ಎಡಬದಿಯಲ್ಲಿ ಕುಳಿತುಕೊಳ್ಳಿ. ಸೂರ್ಯ ಮುಳುಗುವುದು ಸಲಾಮಿಸ್ ಕಡೆಗೆ. ಜೂನ್‌ನಲ್ಲಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಅಕ್ಟೋಬರ್ ಕೊನೆಗೆ ಐದೂವರೆಗೇ ಕತ್ತಲು. ಪಿರೇಯಸ್‌ನಲ್ಲಿ ಎಲ್ಲರೂ ಒಟ್ಟಿಗೇ ಮೆಟ್ಟಿಲಿಗೆ ನುಗ್ಗುತ್ತಾರೆ, ಕೆಳಗೆ ಕಾರುಗಳ ಹೊಗೆ. ಐದು ನಿಮಿಷ ಮೇಲೆಯೇ ಕುಳಿತು ನಂತರ ಇಳಿದರೆ ನಷ್ಟವಿಲ್ಲ.

ಗಾಳಿಗೆ ಕಡೆಯ ಹಡಗೇ ರದ್ದಾದರೆ? ದಡದ ಬೀದಿಯ ಹಿಂದೆ ಸಣ್ಣ ವಸತಿಗೃಹಗಳು ಬಹಳ ಇವೆ, ರದ್ದಾದ ಟಿಕೆಟಿನ ಹಣವನ್ನು ಹಡಗಿನವರು ಮರಳಿಸುತ್ತಾರೆ ಅಥವಾ ಮರುದಿನದ ಹಡಗಿಗೆ ಬದಲಾಯಿಸಿಕೊಡುತ್ತಾರೆ. ಆದ್ದರಿಂದ ಅದೇ ರಾತ್ರಿಗೋ ಮರುದಿನ ಬೆಳಿಗ್ಗೆಗೋ ಬೆಂಗಳೂರಿನ ವಿಮಾನ ಇಟ್ಟುಕೊಂಡು ದ್ವೀಪಕ್ಕೆ ಹೋಗಬೇಡಿ. ಅಥೆನ್ಸ್‌ನಲ್ಲಿ ನಾಲ್ಕು ದಿನವಿದ್ದರೆ ಎರಡನೆಯ ಅಥವಾ ಮೂರನೆಯ ದಿನ ಹೋಗಿ, ಕೊನೆಯ ದಿನವನ್ನು ಅಕ್ರೊಪೊಲಿಸ್‌ಗೆ ಬಿಡಿ.